ಸಡನ್ ಹಾರ್ಟ್ ಡೆತ್ ಅಂತ ಡೌಟ್ ಇದ್ರೆ ಟ್ರೋಪೋನಿನ್ ಹೇಗೆ ಓದೋದು

ಟ್ರೋಪೋನಿನ್ ಅಂದ್ರೆ ಹೃದಯದ ಸ್ನಾಯುಗೆ ಹಾನಿಯಾದಾಗ ರಕ್ತಕ್ಕೆ ಸೋರೋ ಪ್ರೋಟೀನ್. ಪೋಸ್ಟ್‌ಮಾರ್ಟಂನಲ್ಲಿ ಇದನ್ನ ನೋಡೋಕೆ ಮೊದ್ಲು ಸ್ಯಾಂಪಲ್ ಸರಿಯಾಗಿ ತಗೊಳ್ಳಿ, ರಕ್ತನ ಹೃದಯದಿಂದ ಅಲ್ಲ, ತೊಡೆಯ ಫೆಮೊರಲ್ ರಕ್ತನಾಳದಿಂದ ತಗೊಳ್ಳಿ, ಜೊತೆಗೆ ಹೃದಯದ ಸುತ್ತ ಇರೋ ಪೆರಿಕಾರ್ಡಿಯಲ್ ದ್ರವನೂ ಬೇರೆ ಟ್ಯೂಬಲ್ಲಿ ಹಾಕಿ, ಬೇಗ ಸೆಂಟ್ರಿಫ್ಯೂಜ್ ಮಾಡಿ (ಮೆಷಿನ್‌ನಲ್ಲಿ ಜೋರಾಗಿ ತಿರುಗಿಸಿ ಕಣಗಳನ್ನ ಬೇರ್ಪಡಿಸಿ) ಫ್ರೀಜ್ ಮಾಡಿ. ಸತ್ತು ಎಷ್ಟು ಗಂಟೆ ಆಯ್ತು ಅಂತ ತಪ್ಪದೇ ಬರೀರಿ, ಯಾಕಂದ್ರೆ ಸತ್ತ ಮೇಲೂ ಸ್ನಾಯು ಕರಗ್ತಾ ಟ್ರೋಪೋನಿನ್ ಸೋರ್ತಾನೇ ಇರುತ್ತೆ, ಬದುಕಿರೋ ರೋಗಿಯ ಕಟ್‌ಆಫ್ (ನಾರ್ಮಲ್ ಮಿತಿ) ಇಲ್ಲಿ ನಡೆಯೋದೇ ಇಲ್ಲ. ಸಿಪಿಆರ್ (ಎದೆ ಒತ್ತಿ ಬದುಕಿಸೋ ಪ್ರಯತ್ನ), ಎದೆಗೆ ಪೆಟ್ಟು, ಕಿಡ್ನಿ ಕಾಯಿಲೆ ಇದ್ರೂ ಏರುತ್ತೆ. ನಿಮಿಷಗಳಲ್ಲೇ ಸತ್ತಿದ್ರೆ ಏರದೇನೂ ಇರಬಹುದು, ಹಾಗಾಗಿ ಕಮ್ಮಿ ಬಂತು ಅಂತ ಹಾರ್ಟ್ ಅಲ್ಲ ಅನ್ನಬೇಡಿ ದಯವಿಟ್ಟು. ಹಾರ್ಟ್ ಫೇಲ್ಯೂರ್ ಅನುಮಾನಕ್ಕೆ ಎನ್‌ಟಿ-ಪ್ರೊಬಿಎನ್‌ಪಿ (ಹೃದಯಕ್ಕೆ ಒತ್ತಡ ಆದಾಗ ಏರೋ ಇನ್ನೊಂದು ಗುರುತು) ಟೆಸ್ಟೂ ಸೇರಿಸಿ. ಸಾವಿಗೆ ಕಾರಣ ಏನು ಅನ್ನೋ ಕೊನೇ ಮಾತು ಮಾತ್ರ ಕೊರೊನರಿ ನಾಳ (ಹೃದಯಕ್ಕೆ ರಕ್ತ ಕೊಡೋ ನಾಳ) ಸೀಳಿ ನೋಡಿ, ಹಿಸ್ಟಾಲಜಿ (ಅಂಗಾಂಶದ ಮೈಕ್ರೋಸ್ಕೋಪ್ ಪರೀಕ್ಷೆ), ಟಾಕ್ಸಿಕಾಲಜಿ (ವಿಷ, ಔಷಧಿ ಪರೀಕ್ಷೆ) ರಿಪೋರ್ಟ್ ಬಂದ ಮೇಲೇ ಬರೀರಿ.