ಕಣ್ಣಿನ ಆಪರೇಷನ್‌ನಲ್ಲಿ ಮೈಟೊಮೈಸಿನ್: ನನ್ನ ಅನುಭವ

"ಡಾಕ್ಟ್ರೇ, ಕ್ಯಾನ್ಸರ್ ಔಷಧ ನನ್ನ ಕಣ್ಣಿಗೆ ಯಾಕೆ?" ಒಪ್ಪಿಗೆ ಪತ್ರ ಓದಿದ ರೋಗಿಗಳು ಹೆಚ್ಚಾಗಿ ಕೇಳುವುದೇ ಇದನ್ನು. ಕೇಳಬೇಕಾದ ಪ್ರಶ್ನೆಯೇ.

ನಾನು ಗ್ಲಾಕೋಮಾ, ಅಂದರೆ ದೃಷ್ಟಿಯ ನರ ನಿಧಾನಕ್ಕೆ ಹಾಳಾಗುವ ಕಾಯಿಲೆ, ನೋಡುವ ಕಣ್ಣಿನ ಡಾಕ್ಟರ್. ಕಣ್ಣೊಳಗಿನ ಒತ್ತಡ ಹನಿ ಔಷಧಕ್ಕೆ ಬಗ್ಗದಿದ್ದಾಗ ಟ್ರಾಬೆಕ್ಯುಲೆಕ್ಟಮಿ ಮಾಡುತ್ತೇನೆ. ಕಣ್ಣಿನ ಬಿಳಿಭಾಗದಲ್ಲಿ ಸಣ್ಣ ಮುಚ್ಚಳ ಎಬ್ಬಿಸಿ, ಅದರಡಿ ಕಿಂಡಿ ಮಾಡಿ, ಒಳಗಿನ ನೀರು ಮೇಲ್ಪೊರೆಯ ಕೆಳಗೆ ಹರಿಯಲು ದಾರಿ ಬಿಡುವ ಆಪರೇಷನ್ ಇದು. ನೀರು ಸೇರಿ ಉಬ್ಬುವ ಜಾಗಕ್ಕೆ ಬ್ಲೆಬ್ ಅನ್ನುತ್ತೇವೆ. ತಮಾಷೆ ಏನೆಂದರೆ, ಬೇರೆ ಸರ್ಜನ್‌ಗಳಿಗೆ ಗಾಯ ಬೇಗ ಮಾಯಬೇಕು, ನಮಗೆ ಮಾಯಬಾರದು. ಚೆನ್ನಾಗಿ ಮಾಯ್ದರೆ ಕಿಂಡಿ ಮುಚ್ಚಿ, ಒತ್ತಡ ಮತ್ತೆ ಮೇಲೇರುತ್ತದೆ.

ಅಲ್ಲಿಗೆ ಮೈಟೊಮೈಸಿನ್ ಸಿ ಬರುತ್ತದೆ. 1950ರ ದಶಕದಲ್ಲಿ ಜಪಾನಿನಲ್ಲಿ ಸ್ಟ್ರೆಪ್ಟೊಮೈಸಿಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದದ್ದು. ಹೆಸರಿಗೆ ಆಂಟಿಬಯೋಟಿಕ್, ಆದರೆ ಸೋಂಕಿಗೆ ಯಾರೂ ಕೊಡುವುದಿಲ್ಲ. ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಎಳೆ ಬಿಡಿಸಿಕೊಳ್ಳಲಾಗದ ಕೋಶ ಒಡೆದು ಎರಡಾಗಲಾರದು. ಕ್ಯಾನ್ಸರ್ ಕೋಶವಾದರೂ ಅಷ್ಟೇ, ಗಾಯದ ಕಲೆ ಕಟ್ಟುವ ಕೋಶವಾದರೂ ಅಷ್ಟೇ.

ಔಷಧ ಹಾಕುವುದು ಒಂದೆರಡು ನಿಮಿಷದ ಕೆಲಸ. ತಯಾರಿಗೇ ಜಾಸ್ತಿ ಹೊತ್ತು ಬೇಕು. 2 ಮಿಲಿಗ್ರಾಂ ವಯಲ್‌ಗೆ 10 ಎಂಎಲ್ ಬೆರೆಸಿದರೆ ಎಂಎಲ್‌ಗೆ 0.2 ಮಿಲಿಗ್ರಾಂ ಆಗುತ್ತದೆ. 5 ಎಂಎಲ್ ಬೆರೆಸಿದರೆ ನೇರ ದುಪ್ಪಟ್ಟು. ಎರಡೂ ನೋಡಲು ನೇರಳೆ ಬಣ್ಣವೇ, ಬಣ್ಣ ನೋಡಿ ಪ್ರಮಾಣ ಗೊತ್ತಾಗುವುದಿಲ್ಲ. ಹಾಗಾಗಿ ಬೆರೆಸಿದ ಸಿಸ್ಟರ್ ಲೆಕ್ಕವನ್ನು ಜೋರಾಗಿ ಹೇಳಬೇಕು, ನಾನೂ ತಿರುಗಿ ಹೇಳುತ್ತೇನೆ. ಸಾಮಾನ್ಯವಾಗಿ ನನಗೆ 0.2 ಸಾಕು. ಚಿಕ್ಕ ವಯಸ್ಸಿನವರಿಗೆ, ಮೊದಲೇ ಆಪರೇಷನ್ ಆಗಿ ಕಲೆ ಕಟ್ಟಿದ ಕಣ್ಣಿಗೆ 0.4ರವರೆಗೆ ಹೋಗುತ್ತೇನೆ. ವಯಸ್ಸಾದವರ ತೆಳು ಪೊರೆಗೆ ಅಷ್ಟು ಬೇಡ.

ಮೇಲ್ಪೊರೆ ಬಿಡಿಸಿದ ಮೇಲೆ ಔಷಧದಲ್ಲಿ ಅದ್ದಿದ ಸಣ್ಣ ಸ್ಪಂಜು ಚೂರುಗಳನ್ನು ಅದರಡಿಗೆ ತಳ್ಳುತ್ತೇನೆ. ಹಿಂದೆ ಮುಚ್ಚಳ ಇರುವಷ್ಟೇ ಜಾಗದಲ್ಲಿ ಒಂದು ಚೂರು ಇಡುವ ಪದ್ಧತಿ ಇತ್ತು. ಅಲ್ಲಿ ರಕ್ತನಾಳಗಳು ಸತ್ತು, ಸುತ್ತ ಗಟ್ಟಿ ಕಲೆಯ ಉಂಗುರ ಕಟ್ಟಿ, ನಡುವಿನ ಬ್ಲೆಬ್ ಈರುಳ್ಳಿ ಪೊರೆಯ ಹಾಗೆ ತೆಳ್ಳಗಾಗುತ್ತಿತ್ತು. ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯ ಪೆಂಗ್ ಖಾ ಮತ್ತು ಅವರ ತಂಡ ಔಷಧವನ್ನು ಅಗಲಕ್ಕೆ, ಹಿಂದಕ್ಕೆ ಹರಡಿ ಇಡುವುದನ್ನು ರೂಢಿಗೆ ತಂದರು. ನಾನೂ ಹಾಗೇ ಮಾಡುವುದು. ಬ್ಲೆಬ್ ಚಪ್ಪಟೆಯಾಗಿ, ಹರಡಿಕೊಂಡು, ರೆಪ್ಪೆಯಡಿ ತೆಪ್ಪಗೆ ಕೂರುತ್ತದೆ. ಪ್ರಮಾಣಕ್ಕಿಂತ ಜಾಗವೇ ಮುಖ್ಯ ಅಂತ ನನಗೆ ಅನ್ನಿಸಿರುವುದು ಇದರಿಂದ.

ಸ್ಪಂಜು ಒಳಗಿರುವಷ್ಟು ಹೊತ್ತು ಪೊರೆಯ ಕತ್ತರಿಸಿದ ಅಂಚನ್ನು ಚಿಮುಟದಿಂದ ಎತ್ತಿ ಹಿಡಿದಿರುತ್ತೇನೆ. ಆ ಅಂಚು ಮಾತ್ರ ಮಾಯಲೇಬೇಕು. ಅದಕ್ಕೆ ಔಷಧ ತಾಗಿದರೆ ಹೊಲಿಗೆ ಕೂಡದೆ ನೀರು ಸೋರುತ್ತದೆ. ಸಮಯ ಮುಗಿದ ಕೂಡಲೇ ಸ್ಪಂಜು ಎಣಿಸಿ ಹೊರಗೆ. ಎಷ್ಟು ಹೋಗಿತ್ತೋ ಅಷ್ಟೂ ಬರಬೇಕು. ಆಮೇಲೆ ಧಾರಾಳವಾಗಿ ತೊಳೆಯುತ್ತೇನೆ, ಕಿಂಡಿ ತೆರೆಯುವುದು ಅದಾದ ಮೇಲೆಯೇ. ಕಣ್ಣಿನೊಳಗೆ ಈ ಔಷಧ ಹೋದರೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಒಳಪದರದ ಕೋಶಗಳು ಹಾಳಾಗುತ್ತವೆ, ಅವು ಮತ್ತೆ ಹುಟ್ಟುವುದಿಲ್ಲ. ಬಳಸಿದ ಸ್ಪಂಜು, ಸಿರಿಂಜು ಎಲ್ಲ ಕೀಮೋ ಕಸದ ಡಬ್ಬಿಗೆ. ಗರ್ಭಿಣಿ ಸಿಸ್ಟರ್‌ಗಳಿಗೆ ಆ ದಿನ ಆ ಕೆಲಸ ಕೊಡುವುದಿಲ್ಲ.

ತೊಂದರೆ ಬಂದರೆ ಎರಡು ಕಡೆಯಿಂದ. ಒಂದು, ನೀರು ಜಾಸ್ತಿ ಹರಿದು ಒತ್ತಡ ತೀರಾ ಇಳಿಯುವುದು. ಆಗ ರೆಟಿನಾ ಸುಕ್ಕುಗಟ್ಟಿ ದೃಷ್ಟಿ ಮಂಜಾಗುತ್ತದೆ. ಇನ್ನೊಂದು ವರ್ಷಗಳ ಮೇಲೆ ಬರುವಂಥದ್ದು. ತೆಳುವಾದ ಬ್ಲೆಬ್ ಸೋರತೊಡಗುತ್ತದೆ. ಫ್ಲೋರೆಸೀನ್ ಅನ್ನುವ ಬಣ್ಣ ಹಚ್ಚಿ ನೀಲಿ ಬೆಳಕಿನಲ್ಲಿ ನೋಡಿದರೆ ಒಂದು ಬಿಂದುವಿನಿಂದ ಹಸಿರು ಧಾರೆ ಸಣ್ಣಗೆ ಇಳಿಯುವುದು ಕಾಣುತ್ತದೆ. ನೀರು ಹೊರಬರುವ ದಾರಿಯಲ್ಲಿ ಬ್ಯಾಕ್ಟೀರಿಯಾ ಒಳಗೂ ಹೋಗಬಹುದು. ಆ ಸೋಂಕು ಕಣ್ಣಿನೊಳಗೆ ಇಳಿದರೆ ಕಣ್ಣೇ ಹೋಗಬಹುದು.

ಟೆರಿಜಿಯಂ, ಅಂದರೆ ಕರಿಗುಡ್ಡೆಯ ಮೇಲೆ ಬೆಳೆಯುವ ಪೊರೆ, ತೆಗೆದಾಗಲೂ ಇದನ್ನು ಬಳಸುವುದುಂಟು. ಒಂದು ಕಾಲದಲ್ಲಿ ಮನೆಗೆ ಹನಿಯಾಗಿಯೇ ಕೊಡುತ್ತಿದ್ದರು. ಸ್ಕ್ಲೆರಾ, ಅಂದರೆ ಕಣ್ಣಿನ ಬಿಳಿಭಾಗ, ಕರಗಿ ತೂತಾದ ಪ್ರಕರಣಗಳು 1992ರಲ್ಲಿ ವರದಿಯಾದ ಮೇಲೆ ಎಲ್ಲರೂ ಎಚ್ಚೆತ್ತರು. ನಾನು ಟೆರಿಜಿಯಂ ತೆಗೆದ ಜಾಗಕ್ಕೆ ರೋಗಿಯದೇ ಕಣ್ಣಿನ ಬೇರೆ ಕಡೆಯಿಂದ ಚೆನ್ನಾಗಿರುವ ಮೇಲ್ಪೊರೆಯ ತುಂಡು ತಂದು ಅಂಟಿಸುತ್ತೇನೆ. ಅದು ಸಾಲುವಾಗ ಮೈಟೊಮೈಸಿನ್ ಸುಮ್ನೆ ಯಾಕೆ?

ಮನೆಗೆ ನಾನು ಹನಿ ಕೊಡುವುದು ಒಂದೇ ಕಾಯಿಲೆಗೆ: ಕಣ್ಣಿನ ಮೇಲ್ಪದರದ ಕ್ಯಾನ್ಸರ್. ಶೇಕಡ 0.04ರ ಹನಿ, ದಿನಕ್ಕೆ ನಾಲ್ಕು ಸಲ. ಒಂದು ವಾರ ಹಾಕಬೇಕು, ಮುಂದಿನ ವಾರ ಬಿಡಬೇಕು. ಹನಿ ಮೂಗಿಗೆ, ಗಂಟಲಿಗೆ ಇಳಿಯದಂತೆ ಕಣ್ಣೀರಿನ ರಂಧ್ರಕ್ಕೆ ಬಿರಡೆ ಹಾಕುತ್ತೇನೆ. ಕಣ್ಣು ಉರಿಯುತ್ತದೆ, ಕೆಂಪಾಗುತ್ತದೆ. ಬಿಡುವಿನ ವಾರ ಇರುವುದು ಅದಕ್ಕೇ.

ನಮ್ಮ ಪ್ರಮಾಣ ಎಷ್ಟು ಚಿಕ್ಕದು ಅಂತ ತಿಳಿಯಲು ಬೇರೆ ವಿಭಾಗಗಳ ಕಡೆ ನೋಡಬೇಕು. ಮೂತ್ರಕೋಶದ ಗೆಡ್ಡೆ ಕೆರೆದು ತೆಗೆದ 24 ಗಂಟೆಯೊಳಗೆ ಯುರಾಲಜಿಯವರು ಒಂದೇ ಸಲಕ್ಕೆ 40 ಮಿಲಿಗ್ರಾಂ ಒಳಗೆ ತುಂಬುತ್ತಾರೆ. ಗೋಡೆ ತೂತಾಗಿರುವ ಅನುಮಾನ ಬಂದರೆ ಅವರೂ ಮುಟ್ಟುವುದಿಲ್ಲ. ಗುದದ್ವಾರದ ಕ್ಯಾನ್ಸರ್‌ಗೆ ರೇಡಿಯೇಷನ್ ಜೊತೆ ನರಕ್ಕೆ ಕೊಡುವ ಪದ್ಧತಿ 1970ರ ದಶಕದಿಂದ ಇದೆ, ಎಷ್ಟೋ ಜನರಿಗೆ ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಳ್ಳುವುದನ್ನು ತಪ್ಪಿಸಿದೆ. ಆದರೆ ನರಕ್ಕೆ ಕೊಟ್ಟಾಗ ರಕ್ತಕಣಗಳು ವಾರಗಟ್ಟಲೆ ತಡವಾಗಿ ಕುಸಿಯುತ್ತವೆ. ಒಟ್ಟು ಪ್ರಮಾಣ ಏರಿದಂತೆ ಕಿಡ್ನಿಯ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುವ ಅಪಾಯವೂ ಇದೆ. ನರದಿಂದ ಹೊರಗೆ ಸೋರಿದರೆ ಚರ್ಮ ಕೊಳೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ರೋಗಿ ಮತ್ತೆ ಕೇಳುವುದುಂಟು, "ಹಾಗಾದ್ರೆ ನನ್ನ ಕೂದಲು ಉದುರುತ್ತಾ?" ಇಲ್ಲ. ಸ್ಪಂಜಿನಿಂದ ರಕ್ತಕ್ಕೆ ಸೇರುವುದು ಲೆಕ್ಕಕ್ಕೇ ಬಾರದಷ್ಟು. ಭಯ ಪಡಬೇಕಾದ್ದು ಕೂದಲಿಗಲ್ಲ, ಕೆಂಪು ಕಣ್ಣಿಗೆ. ಅವರ ಕಾರ್ಡಿನ ಮೇಲೆ "ಬ್ಲೆಬ್ ಇದೆ, ಮೈಟೊಮೈಸಿನ್ ಬಳಸಿದೆ" ಅಂತ ದಪ್ಪಗೆ ಬರೆದುಕೊಡುತ್ತೇನೆ. ಕಣ್ಣು ಕೆಂಪಾದರೆ, ಪಿಸುರು ಬಂದರೆ, ಮಂಜಾದರೆ ಅದೇ ದಿನ ಯಾವುದಾದರೂ ಕಣ್ಣಿನ ಡಾಕ್ಟರಿಗೆ ಆ ಕಾರ್ಡು ತೋರಿಸಬೇಕು, ಆಪರೇಷನ್ ಆಗಿ ಹತ್ತು ವರ್ಷ ಕಳೆದಿದ್ದರೂ ಸರಿ.