ಹಳೆಯ ಚೇತಕ್ ಸ್ಕೂಟರಿನ ಕಾರ್ಬ್ಯುರೇಟರ್ ಸೋರಿಕೆಯನ್ನು ಸರಿಪಡಿಸುವ ಕ್ರಮ

ಕಾಸರಗೋಡಿನ ದೀರ್ಘ ಮಳೆಗಾಲದಲ್ಲಿ ಓಡಿಸದೆ ನಿಲ್ಲಿಸಿಟ್ಟ ಹಳೆಯ ಟೂ-ಸ್ಟ್ರೋಕ್ ಚೇತಕ್‌ಗಳಲ್ಲಿ, ಎಥನಾಲ್ ಬೆರೆತ ಪೆಟ್ರೋಲು ತೇವವನ್ನು ಹೀರಿಕೊಂಡು, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬ್ಯುರೇಟರಿನೊಳಗೆ ಕೊಳೆ ಕಟ್ಟುವುದರಿಂದ, ಸೋರಿಕೆ ಕಾಣಿಸಿಕೊಳ್ಳುವುದುಂಟು. ಗಾಡಿಯನ್ನು ಗಾಳಿಯಾಡುವ ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ತಣಿದ ಮೇಲೆ ಪೆಟ್ರೋಲ್ ಕಾಕ್ (ಟ್ಯಾಂಕಿನಿಂದ ಪೆಟ್ರೋಲು ಬಿಡುವ ನಲ್ಲಿ) ಮುಚ್ಚಿರಿ. ಬೆಂಕಿಯ ಕಿಡಿಯೂ ಹತ್ತಿರ ಸುಳಿಯಬಾರದು.

ಕಾಕ್ ಮುಚ್ಚಿದಾಗ ನಿಂತ ಸೋರಿಕೆ ತೆರೆದೊಡನೆ ಮರುಕಳಿಸಿದರೆ, ದೋಷ ಬಹುಮಟ್ಟಿಗೆ ಫ್ಲೋಟ್ (ಕಾರ್ಬ್ಯುರೇಟರಿನ ಪೆಟ್ರೋಲಿನಲ್ಲಿ ತೇಲುವ ಬುರುಡೆ) ಅಥವಾ ಅದು ಮೇಲೇರಿದಾಗ ಪೆಟ್ರೋಲಿನ ದಾರಿ ಮುಚ್ಚುವ ಸೂಜಿಯದ್ದು. ಏರ್ ಫಿಲ್ಟರ್ ತೆಗೆದು, ಫ್ಲೋಟ್ ಚೇಂಬರಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ, ಫ್ಲೋಟನ್ನು ಹಿಡಿದಿರುವ ಪಿನ್ನನ್ನು ಮೆಲ್ಲನೆ ಜಾರಿಸಿ ಫ್ಲೋಟ್ ಮತ್ತು ಸೂಜಿ ಎರಡನ್ನೂ ಹೊರತೆಗೆಯಿರಿ. ಸೂಜಿಯ ತುದಿಯ ಸುತ್ತ ಉಂಗುರದಂತಹ ಸವೆತ ಕಂಡರೆ ತೊಳೆದು ಪ್ರಯೋಜನವಿಲ್ಲ, ಹೊಸದನ್ನೇ ಹಾಕಬೇಕು. ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿ ನೋಡಿರಿ: ಒಳಗೆ ಪೆಟ್ರೋಲು ಕುಲುಕಿದರೆ ಅದು ತೂತಾಗಿದೆ, ಸರಿಯಾಗಿ ತೇಲದು, ಆದ್ದರಿಂದ ಸೂಜಿ ಎಷ್ಟೇ ಹೊಸದಾದರೂ ಪೆಟ್ರೋಲು ಉಕ್ಕುತ್ತಲೇ ಇರುತ್ತದೆ. ಸೂಜಿ ಕೂರುವ ರಂಧ್ರಕ್ಕೆ ತಂತಿ ತೂರಿಸುವ ಅಭ್ಯಾಸ ನಮ್ಮಲ್ಲಿ ಬಹಳ. ದಯವಿಟ್ಟು ಬೇಡ, ಒಂದು ಗೀರು ಬಿದ್ದರೂ ಸೋರಿಕೆ ಶಾಶ್ವತವಾಗುತ್ತದೆ.

ಹೊಸ ಗ್ಯಾಸ್ಕೆಟ್ (ಸಂದಿನಲ್ಲಿ ಸೋರದಂತೆ ತಡೆಯುವ ತೆಳು ಪದರ) ಇಟ್ಟು ಮುಚ್ಚಳವನ್ನು ಹದವಾಗಿ ಬಿಗಿಯಿರಿ. ಅತಿಯಾಗಿ ಬಿಗಿದರೆ ಮೆದುವಾದ ಲೋಹ ಬಾಗುತ್ತದೆ. ಬಳಿಕ ಕಾಕ್ ತೆರೆದು ಹತ್ತು ನಿಮಿಷ ಕಾಯಿರಿ. ಕಾರ್ಬ್ಯುರೇಟರ್ ಪೆಟ್ಟಿಗೆಯ ತಳ ಒಣಗಿಯೇ ಇದ್ದರೆ ಎಂಜಿನ್ ಚಾಲೂ ಮಾಡಬಹುದು.