ಕೇಸ್ ಕಾಂಪಿಟಿಷನ್‌ಗೆ ತಯಾರಿ: ಬೇಕರಿ ಲೆಕ್ಕದಿಂದ ಶುರು ಮಾಡಿ

ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ‘ಬಿಸಿನೆಸ್ ಕೇಸ್ ಕಾಂಪಿಟಿಷನ್, ನಾಲ್ಕು ಜನರ ತಂಡ, ಹೆಸರು ಕೊಡಿ’ ಅಂತ ಮೆಸೇಜ್ ಬಂದ ಕೂಡಲೇ ಅರ್ಧ ಕ್ಲಾಸು ಸುಮ್ಮನಾಗುತ್ತದೆ. ಯಾಕೆ ಅಂತ ಕೇಳಿ ನೋಡಿ. ‘ಇಂಗ್ಲಿಷ್ ಸರಿಯಾಗಿ ಬರಲ್ಲ ಸರ್, ಅದೆಲ್ಲ ಐಐಎಂನವರಿಗೆ’ ಅನ್ನುತ್ತಾರೆ. ನಾನು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಎಂಬಿಎ ಸೇರಿದ ಮೇಲೆ ಮೂರು ಕಾಂಪಿಟಿಷನ್ ಸೋತೆ, ನಾಲ್ಕನೆಯದರಲ್ಲಿ ಎರಡನೇ ಸ್ಥಾನ ಬಂತು. ಈಗ ಕೆಲಸದ ನಡುವೆ ವರ್ಷಕ್ಕೆ ಎರಡು-ಮೂರು ಕಾಲೇಜು ತಂಡಗಳ ಜೊತೆ ಕೂರುತ್ತೇನೆ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ ಮಾತು ಒಂದೇ. ಅಪ್ಪನ ಅಂಗಡಿಯ ಗಲ್ಲಾದ ಹತ್ತಿರ ಕೂತು ಬೆಳೆದ ಹುಡುಗ, ಡೈರಿಗೆ ಹಾಲು ಹಾಕಿ ಫ್ಯಾಟ್ ನೋಡಿ ಎಷ್ಟು ದುಡ್ಡು ಬರಬೇಕು ಅಂತ ಲೆಕ್ಕ ಹಾಕುವ ಹುಡುಗಿ, ಇವರಿಗೆ ಕೇಸ್‌ಗೆ ಬೇಕಾದ ಅರ್ಧ ಬುದ್ಧಿ ಮನೆಯಲ್ಲೇ ಬಂದಿರುತ್ತದೆ. ಉಳಿದ ಅರ್ಧಕ್ಕೆ ಅಭ್ಯಾಸ ಬೇಕು.

ಕೇಸ್ ಅಂದರೆ ಒಂದು ಕಂಪನಿಯ ಕಥೆ. ಕಥೆ ಒಂದು ನಿರ್ಧಾರದ ಹತ್ತಿರ ಬಂದು ನಿಲ್ಲುತ್ತದೆ. ಮಾಲೀಕರ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತೀರಿ, ಯಾಕೆ, ಎಷ್ಟು ಖರ್ಚಾಗುತ್ತದೆ ಅಂತ ಕಾಂಪಿಟಿಷನ್‌ನಲ್ಲಿ ನೀವು ಜಡ್ಜ್‌ಗಳ ಮುಂದೆ ಸ್ಲೈಡ್ ತೋರಿಸಿ ಹೇಳಬೇಕು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಶುರುವಾಗಿದ್ದು 1908ರಲ್ಲಿ. ಅಲ್ಲಿ ಪಾಠಕ್ಕೆಂದು ಮೊದಲ ಕೇಸ್ ಬರೆದಿದ್ದು 1921ರಲ್ಲಿ. ಅದು ಒಂದು ಶೂ ಕಂಪನಿಯ ಬಗ್ಗೆ, ಒಂದೇ ಪುಟದ್ದು! ಈಗ ನಿಮ್ಮ ಕೈಗೆ ಬರುವ ಕೇಸ್ ಇಪ್ಪತ್ತು ಪುಟ ಇದ್ದರೂ ಒಳಗಿರುವ ಪ್ರಶ್ನೆ ಒಂದು ಪುಟದಷ್ಟೇ. ನಮ್ಮ ದೇಶದಲ್ಲಿ ಈ ಪದ್ಧತಿ ಬೇರೂರಿದ್ದು 1961ರಲ್ಲಿ ಹಾರ್ವರ್ಡ್ ಸಹಾಯದಿಂದ ಶುರುವಾದ ಅಹಮದಾಬಾದ್ ಐಐಎಂ ಮೂಲಕ.

ಹೆಸರು ಕೊಡುವ ಮೊದಲು ಇದು ಯಾವ ಥರದ ಕಾಂಪಿಟಿಷನ್ ಅಂತ ತಿಳಿದುಕೊಳ್ಳಿ. ತಯಾರಿ ಅದರ ಮೇಲೇ ನಿಂತಿದೆ. ಕೆಲವು ಕಡೆ ಕೇಸ್ ಕೊಟ್ಟು ರೂಮಿನಲ್ಲಿ ಕೂರಿಸುತ್ತಾರೆ, ಕೆಲವೇ ಗಂಟೆಯಲ್ಲಿ ಉತ್ತರ ಬೇಕು. ಕೆನಡಾದ ಮಾಂಟ್ರಿಯಲ್‌ನ ಕಾನ್ಕಾರ್ಡಿಯಾ ವಿಶ್ವವಿದ್ಯಾಲಯದಲ್ಲಿ 1981ರಿಂದ ನಡೆಯುತ್ತಿರುವ ಜಾನ್ ಮೋಲ್ಸನ್ ಎಂಬಿಎ ಕಾಂಪಿಟಿಷನ್ ಈ ಜಾತಿಯದು, ನಾಲ್ಕು ಜನ, ಮೂರು ಗಂಟೆ. ನಮ್ಮ ಕಾಲೇಜು ಫೆಸ್ಟ್‌ಗಳಲ್ಲೂ ಹೆಚ್ಚಾಗಿ ಇದೇ ಥರ. ಇನ್ನು ಕಂಪನಿಗಳೇ ನಡೆಸುವವು ವಾರಗಟ್ಟಲೆ ಹಿಡಿಯುತ್ತವೆ. ಹಿಂದೂಸ್ತಾನ್ ಯೂನಿಲಿವರ್‌ನ ಲೈಮ್, ಮಹೀಂದ್ರಾ ವಾರ್ ರೂಮ್ ಇಂಥವು. ಇಂಥ ಕಡೆ ಬಹುಮಾನದ ದುಡ್ಡಿಗಿಂತ ಪಿಪಿಐ ಮುಖ್ಯ, ಅಂದರೆ ಪ್ಲೇಸ್‌ಮೆಂಟ್ ಶುರುವಾಗುವ ಮೊದಲೇ ಸಿಗುವ ಸಂದರ್ಶನ. ಹಣಕಾಸು ಇಷ್ಟ ಇದ್ದವರಿಗೆ ಸಿಎಫ್‌ಎ ಇನ್‌ಸ್ಟಿಟ್ಯೂಟ್‌ನ ರಿಸರ್ಚ್ ಚಾಲೆಂಜ್ ಇದೆ. ಮೂರರಿಂದ ಐದು ಜನ ಸೇರಿ ಷೇರುಪೇಟೆಯಲ್ಲಿರುವ ಒಂದು ಕಂಪನಿಯ ಬಗ್ಗೆ ಹತ್ತು ಪುಟದ ವರದಿ ಬರೆದು, ಹತ್ತು ನಿಮಿಷ ಮಾತಾಡಿ, ಇನ್ನು ಹತ್ತು ನಿಮಿಷ ಪ್ರಶ್ನೆಗೆ ಉತ್ತರ ಕೊಡಬೇಕು. ದೇಶದ ಬಹಳಷ್ಟು ಕಾಂಪಿಟಿಷನ್‌ಗಳ ಸುದ್ದಿ ಅನ್‌ಸ್ಟಾಪ್ ಜಾಲತಾಣದಲ್ಲಿ ಸಿಗುತ್ತದೆ. ಮೊದಲು ಅದಕ್ಕೆ ಡೇರ್‌ಟುಕಂಪೀಟ್ ಅಂತ ಹೆಸರಿತ್ತು. ಯಾವುದು ಎಂಬಿಎಯವರಿಗೆ ಮಾತ್ರ, ಯಾವುದಕ್ಕೆ ಬಿಕಾಂ, ಬಿಬಿಎಯವರೂ ಹೋಗಬಹುದು ಅನ್ನೋದನ್ನು ಅಲ್ಲೇ ನೋಡಿಕೊಳ್ಳಿ.

ತಂಡ ಕಟ್ಟುವಾಗ ಬರೀ ಸ್ನೇಹ ನೋಡಬೇಡಿ. ಒಬ್ಬರಿಗೆ ಲೆಕ್ಕ ಬರಬೇಕು. ಒಬ್ಬರು ತಾಳ್ಮೆಯಿಂದ ಓದುವವರು ಬೇಕು. ಒಬ್ಬರು ನೇರವಾಗಿ ಮಾತಾಡುವವರು. ನಾಲ್ಕನೆಯವರು ಎಲ್ಲದಕ್ಕೂ ‘ಅದು ಹೇಗೆ?’ ಅಂತ ಕೇಳುವವರಾಗಿರಲಿ. ಅಂಥವರ ಜೊತೆ ಕೆಲಸ ಮಾಡೋದು ಕಷ್ಟ ನಿಜ, ಆದರೆ ಜಡ್ಜ್ ಕೇಳುವ ಪ್ರಶ್ನೆಯನ್ನು ಅವರು ಒಂದು ದಿನ ಮೊದಲೇ ಕೇಳಿರುತ್ತಾರೆ.

ಓದುವ ವಿಷಯಕ್ಕೆ ಬರೋಣ. ಹೆಚ್ಚಿನ ತಂಡಗಳು ಸೋಲೋದು ಇಲ್ಲೇ.

ಮೂರು ಗಂಟೆ ಇದ್ದರೆ ಮೊದಲ ಇಪ್ಪತ್ತೈದು ನಿಮಿಷ ಯಾರೂ ಮಾತಾಡಬೇಡಿ. ಒಬ್ಬೊಬ್ಬರೇ ಓದಿ. ಮೊದಲ ಪುಟ, ಆಮೇಲೆ ಕೊನೇ ಪುಟ, ಆಮೇಲೆ ಕೋಷ್ಟಕಗಳು, ಕೊನೆಗೆ ನಡುವಿನ ಕಥೆ. ಯಾರು, ಯಾವಾಗ, ಏನು ನಿರ್ಧಾರ ಮಾಡಬೇಕು ಅನ್ನೋದು ಸಾಮಾನ್ಯವಾಗಿ ಮೊದಲ ಪುಟದಲ್ಲೇ ಇರುತ್ತದೆ. ಓದಿ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಒಂದೇ ವಾಕ್ಯ ಬರೆಯಿರಿ: ಈ ಕೇಸಿನ ಪ್ರಶ್ನೆ ಏನು? ನಾಲ್ಕು ಚೀಟಿ ಮೇಜಿನ ಮೇಲೆ ಇಟ್ಟು ನೋಡಿ. ನಾಲ್ಕೂ ಬೇರೆ ಬೇರೆ ಇರುತ್ತವೆ. ಜಗಳ ಆಡೋದಿದ್ದರೆ ಆಗಲೇ ಆಡಿ ಮುಗಿಸಿ, ಕನ್ನಡದಲ್ಲೇ ಆಡಿ. ಎರಡನೇ ಗಂಟೆಯಲ್ಲಿ ಸ್ಲೈಡ್ ಮಾಡುತ್ತಾ ಕೂತಾಗ ‘ನಾನು ಅಂದುಕೊಂಡಿದ್ದು ಇದಲ್ಲ’ ಅಂತ ಒಬ್ಬರು ಅಂದರೆ ಅಲ್ಲಿಗೆ ಕಥೆ ಮುಗಿಯಿತು.

ಒಬ್ಬರು ಕೆಂಪು ಪೆನ್ನು ಹಿಡಿದು ಪ್ರತಿ ಕೋಷ್ಟಕದ ತಲೆಯಲ್ಲಿರುವ ಅಳತೆಗೆ ಸುತ್ತು ಹಾಕಲಿ. ಲಕ್ಷವಾ, ಸಾವಿರವಾ, ಕೋಟಿಯಾ, ಡಾಲರ್ರಾ. ನನ್ನ ಮೂರನೇ ಕಾಂಪಿಟಿಷನ್‌ನಲ್ಲಿ ಮೊದಲ ಕೋಷ್ಟಕ ಲಕ್ಷಗಳಲ್ಲಿತ್ತು, ಎರಡನೆಯದು ಸಾವಿರಗಳಲ್ಲಿ. ನಾವು ಎರಡನ್ನೂ ಲಕ್ಷ ಅಂತ ಓದಿದೆವು. ಸಾಗಣೆ ಖರ್ಚು ನೂರು ಪಟ್ಟು ಜಾಸ್ತಿ ಕಂಡಿತು. ಚೆನ್ನಾಗಿ ನಡೆಯುತ್ತಿದ್ದ ವಿಭಾಗವನ್ನೇ ಮುಚ್ಚಿ ಅಂತ ಸಲಹೆ ಕೊಟ್ಟು ಬಂದೆವು. ನಾಲ್ಕು ಜನರಲ್ಲಿ ಒಬ್ಬರಿಗೂ ಕಾಣಲಿಲ್ಲ. ಆ ಸಂಜೆಯ ಬೇಜಾರು ಇವತ್ತಿಗೂ ನೆನಪಿದೆ, ಅದಕ್ಕೇ ಕೆಂಪು ಪೆನ್ನು ತನ್ನಿ ಅಂತ ಪ್ರತಿ ತಂಡಕ್ಕೂ ಹೇಳುತ್ತೇನೆ.

ಈಗ ಬೇಕರಿ. ಅಭ್ಯಾಸಕ್ಕೆ ನಾನು ಎಲ್ಲರಿಗೂ ಕೊಡುವ ಕೇಸ್ ಇದು. ಅಂಕಿಗಳು ನಾನೇ ಹಾಕಿದವು, ಆದರೆ ಇಂಥ ಅಂಗಡಿ ನಿಮ್ಮ ಬೀದಿಯಲ್ಲೂ ಇರುತ್ತದೆ. ಬೆಂಗಳೂರಿನಲ್ಲಿ ಹಾಸನ ಕಡೆಯವರ ಒಂದು ಅಯ್ಯಂಗಾರ್ ಬೇಕರಿ. ಖಾರ ಬನ್, ದಿಲ್‌ಪಸಂದ್, ಹನಿ ಕೇಕ್, ಪಫ್ಸ್. ದಿನಕ್ಕೆ 20,000 ರೂಪಾಯಿ ವ್ಯಾಪಾರ, ತಿಂಗಳಿಗೆ 6 ಲಕ್ಷ. ಮೈದಾ, ಬೆಣ್ಣೆ, ಸಕ್ಕರೆ ಅಂತ ಸಾಮಾನಿಗೆ ನೂರಕ್ಕೆ 55. ಬಾಡಿಗೆ 60,000, ಸಂಬಳ 90,000, ಕರೆಂಟು-ಗ್ಯಾಸು 30,000. ಮಾಲೀಕರ ಪ್ರಶ್ನೆ: ಮನೆಗೆ ತಲುಪಿಸುವ ಆ್ಯಪ್‌ಗೆ ಸೇರಲಾ, ಇಲ್ಲ ಇನ್ನೊಂದು ಅಂಗಡಿ ತೆಗೆಯಲಾ?

ಹೊಸ ತಂಡಗಳು ತಕ್ಷಣ ಸ್ವಾಟ್ ಚೌಕ ಬರೆಯುತ್ತವೆ. ಬಲ, ದೌರ್ಬಲ್ಯ, ಅವಕಾಶ, ಅಪಾಯ. ಅದನ್ನು ಬದಿಗಿಟ್ಟು ಮೊದಲು ಗಲ್ಲಾ ನೋಡಿ. 6 ಲಕ್ಷದಲ್ಲಿ ಸಾಮಾನಿಗೆ 3,30,000 ಹೋಯಿತು. ಉಳಿದಿದ್ದು 2,70,000. ಅದರಲ್ಲಿ ಬಾಡಿಗೆ, ಸಂಬಳ, ಕರೆಂಟು ಸೇರಿ 1,80,000. ಕೈಗೆ ಬಂದಿದ್ದು 90,000.

ಆ್ಯಪ್ ಲೆಕ್ಕ ನೋಡೋಣ. ಕಮಿಷನ್ ನೂರಕ್ಕೆ 25, ಡಬ್ಬಿ-ಕವರಿಗೆ 6 ಅಂತ ಇಟ್ಟುಕೊಳ್ಳಿ. ಕೌಂಟರಿನಲ್ಲಿ 100 ರೂಪಾಯಿ ವ್ಯಾಪಾರವಾದರೆ ಸಾಮಾನಿನ ದುಡ್ಡು ಕಳೆದು 45 ಉಳಿಯುತ್ತದೆ. ಆ್ಯಪ್‌ನಲ್ಲಿ ಉಳಿಯೋದು 14. ಅಂದರೆ ದಿನಾ ಅಂಗಡಿಗೆ ಬರುತ್ತಿದ್ದ ಒಬ್ಬ ಗಿರಾಕಿ ‘ಇನ್ಮೇಲೆ ಮೊಬೈಲಲ್ಲೇ ತರಿಸ್ತೀನಿ’ ಅಂದರೆ ಮಾಲೀಕರಿಗೆ 31 ರೂಪಾಯಿ ಖೋತಾ. ಅದನ್ನು ತುಂಬಲು ಎರಡಕ್ಕಿಂತ ಜಾಸ್ತಿ ಹೊಸ ಆರ್ಡರ್ ಬೇಕು, 31ನ್ನು 14ರಿಂದ ಭಾಗಿಸಿದರೆ 2.2. ಈಗ ಪ್ರಶ್ನೆಯ ರೂಪವೇ ಬದಲಾಯಿತು ನೋಡಿ. ಆ್ಯಪ್ ಒಳ್ಳೇದಾ ಕೆಟ್ಟದ್ದಾ ಅನ್ನೋ ಮಾತು ಹೋಗಿ, ಹಳೇ ಗಿರಾಕಿ ಒಬ್ಬರು ಆ್ಯಪ್‌ಗೆ ಹೋದಾಗ ಹೊಸಬರು ಎಷ್ಟು ಜನ ಬರ್ತಾರೆ ಅನ್ನೋದು ಪ್ರಶ್ನೆಯಾಯಿತು. ಅದಕ್ಕೆ ದಾರಿಯೂ ಹೊಳೆಯುತ್ತದೆ. ಕೌಂಟರಿನಲ್ಲಿ ಸಿಗುವ ಬನ್ನು ಆ್ಯಪ್‌ನಲ್ಲಿ ಬೇಡ, ಮುಂಚೆಯೇ ಹೇಳಿ ಮಾಡಿಸುವ ಬರ್ತ್‌ಡೇ ಕೇಕ್ ಮಾತ್ರ ಇಡೋಣ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಹಾಕೋಣ.

ಎರಡನೇ ಅಂಗಡಿಗೆ ಬಾಡಿಗೆ, ಸಂಬಳ ಎಲ್ಲ ಸೇರಿ ತಿಂಗಳಿಗೆ 1,10,000 ಅಂತಿರಲಿ. ನೂರಕ್ಕೆ 45 ಉಳಿಯೋದರಿಂದ, ನಷ್ಟ ಆಗದೇ ಇರಲು ತಿಂಗಳಿಗೆ ಸುಮಾರು 2,44,500, ದಿನಕ್ಕೆ 8,150 ವ್ಯಾಪಾರ ಬೇಕು. ಒಬ್ಬರು ಸರಾಸರಿ 60 ರೂಪಾಯಿಯ ತಿಂಡಿ ತೆಗೆದುಕೊಂಡರೆ 136 ಜನ. ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರ ತನಕ ಗಂಟೆಗೆ ಹತ್ತು ಜನ. ಇಲ್ಲಿಗೆ ಬಂದರೆ ಜಡ್ಜ್ ಮುಖ ಎತ್ತಿ ನೋಡುತ್ತಾರೆ. ಗಂಟೆಗೆ ಹತ್ತು ಜನ ಅನ್ನೋದನ್ನು ಯಾರು ಬೇಕಾದರೂ ಬಸ್ ಸ್ಟಾಪಿನ ಹತ್ತಿರ ನಿಂತು ಎಣಿಸಬಹುದು. ವಾರಗಟ್ಟಲೆ ಸಮಯವಿದ್ದ ಒಂದು ತಂಡ ನಿಜವಾಗಿಯೂ ಎರಡು ಸಂಜೆ ನಿಂತು ಎಣಿಸಿಕೊಂಡು ಬಂದು, ಆ ಕಾಗದದ ಫೋಟೋವನ್ನೇ ಸ್ಲೈಡಿಗೆ ಹಾಕಿತ್ತು. ನಾನು ನೋಡಿದ ಸ್ಲೈಡ್‌ಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ.

ಅಂದಾಜು ಮಾಡಿದಾಗ ಅದನ್ನು ಒರೆಗೆ ಹಚ್ಚಿ. ಸರ್ಕಾರದ ಮನೆಖರ್ಚಿನ ಸಮೀಕ್ಷೆ ಪ್ರಕಾರ 2023-24ರಲ್ಲಿ ದೇಶದ ನಗರಗಳಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು 6,996 ರೂಪಾಯಿ, ಹಳ್ಳಿಗಳಲ್ಲಿ 4,122. ನಗರದಲ್ಲಿರುವ ನಾಲ್ಕು ಜನರ ಸಂಸಾರಕ್ಕೆ ಊಟ, ಬಟ್ಟೆ, ಬಸ್ಸು ಎಲ್ಲ ಸೇರಿ ಸುಮಾರು 28,000. ಅಂಥ ಮನೆಯವರು ಕೇಕಿಗೇ ತಿಂಗಳಿಗೆ 3,000 ಹಾಕುತ್ತಾರೆ ಅಂತ ನಿಮ್ಮ ಸ್ಲೈಡ್ ಹೇಳಿದರೆ ಎಲ್ಲೋ ತಪ್ಪಿದೆ ಅಂತ ನಿಮಗೇ ಗೊತ್ತಾಗಬೇಕು.

ಸ್ಲೈಡ್ ಬಗ್ಗೆ ಜಾಸ್ತಿ ಹೇಳಲ್ಲ. ಆರೇಳು ಸಾಕು. ತಲೆಬರಹ ಪೂರ್ತಿ ವಾಕ್ಯವಾಗಿರಲಿ. ‘ಹಣಕಾಸು ವಿಶ್ಲೇಷಣೆ’ ಅಂತ ಬರೆದರೆ ಏನೂ ತಿಳಿಯಲ್ಲ, ‘ದಿನಕ್ಕೆ 136 ಗಿರಾಕಿ ಬಂದರೆ ಎರಡನೇ ಅಂಗಡಿಗೆ ನಷ್ಟವಿಲ್ಲ’ ಅಂತ ಬರೆದರೆ ತಿಳಿಯುತ್ತದೆ. ಉತ್ತರವನ್ನು ಮೊದಲ ನಿಮಿಷದಲ್ಲೇ ಹೇಳಿಬಿಡಿ. ಕೊನೇ ತನಕ ಗುಟ್ಟಾಗಿ ಇಟ್ಟುಕೊಂಡರೆ ಅಷ್ಟೊತ್ತಿಗೆ ಜಡ್ಜ್ ಕೈಗಡಿಯಾರ ನೋಡುತ್ತಿರುತ್ತಾರೆ.

ಇಂಗ್ಲಿಷ್ ಚಿಂತೆ ಬಗ್ಗೆ ಇಷ್ಟು ಹೇಳುತ್ತೇನೆ. ತಂಡದ ಚರ್ಚೆ ಪೂರ್ತಿ ಕನ್ನಡದಲ್ಲಿ ಮಾಡಿ, ಯೋಚನೆ ಚುರುಕಾಗುತ್ತದೆ. ಹೇಳುವಾಗ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಸಾಕು. ಬಾಯಿಪಾಠ ಬೇಡ, ಒಂದು ಪದ ಮರೆತರೆ ಪೂರ್ತಿ ನಿಂತುಹೋಗುತ್ತದೆ. ಪ್ರತಿ ಸ್ಲೈಡಿಗೂ ಎರಡು ವಾಕ್ಯ ಗಟ್ಟಿ ಮಾಡಿಕೊಳ್ಳಿ, ಉಳಿದದ್ದು ತಾನಾಗಿ ಬರುತ್ತದೆ. ಹರಳು ಹುರಿದಂತೆ ಇಂಗ್ಲಿಷ್ ಮಾತಾಡಿ ‘ಈ 45 ಎಲ್ಲಿಂದ ಬಂತು?’ ಅನ್ನೋ ಪ್ರಶ್ನೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡ ತಂಡಗಳನ್ನು ನಾನು ಕಂಡಿದ್ದೇನೆ. ತಡವರಿಸುತ್ತಾ ಮಾತಾಡಿ, ವೈಟ್‌ಬೋರ್ಡಿನಲ್ಲಿ ಲೆಕ್ಕ ಬರೆದು ತೋರಿಸಿ ಗೆದ್ದವರನ್ನೂ ಕಂಡಿದ್ದೇನೆ.

ಪ್ರಶ್ನೋತ್ತರಕ್ಕೆ ಬೇರೆಯಾಗಿ ಒಂದು ಸಂಜೆ ಇಡಿ. ಹದಿನೈದು ಪ್ರಶ್ನೆ ನೀವೇ ಬರೆದುಕೊಂಡು, ಕಾಮರ್ಸ್ ಗೊತ್ತಿಲ್ಲದ ಒಬ್ಬ ಸ್ನೇಹಿತರ ಕೈಗೆ ಕೊಟ್ಟು ಕೇಳಿಸಿ. ಕೇಳಿದ್ದಕ್ಕೆ ಮೊದಲು ಹೌದು, ಇಲ್ಲ, ಅಥವಾ ಒಂದು ಅಂಕಿ. ಆಮೇಲೆ ಕಾರಣ. ಗೊತ್ತಿಲ್ಲದಿದ್ದರೆ ‘ಅದು ಕೇಸಿನಲ್ಲಿಲ್ಲ ಸರ್, ನಾವು ಹೀಗೆ ಅಂದಾಜು ಮಾಡಿದೆವು, ಅದು ತಪ್ಪಾದರೆ ನಮ್ಮ ಉತ್ತರ ಹೀಗೆ ಬದಲಾಗುತ್ತದೆ’ ಅಂತ ನೇರವಾಗಿ ಹೇಳಿ. ಮುಂದೆ ಬ್ಯಾಂಕಿನಲ್ಲೋ ಆಡಿಟ್ ಆಫೀಸಿನಲ್ಲೋ ನಿಮ್ಮ ಮ್ಯಾನೇಜರ್ ಎದುರು ಇದೇ ವಾಕ್ಯ ನೂರು ಸಲ ಬೇಕಾಗುತ್ತದೆ, ಇಲ್ಲೇ ಕಲಿತುಬಿಡಿ.

ಅಭ್ಯಾಸಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಷೇರುಪೇಟೆಗೆ ಬರುವ ಕಂಪನಿಗಳು ಸಲ್ಲಿಸುವ ಪ್ರಾಸ್ಪೆಕ್ಟಸ್, ಅಂದರೆ ತಮ್ಮ ವ್ಯವಹಾರದ ಪೂರ್ತಿ ವಿವರ ಇರುವ ಕಡತ, ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಆ ಉದ್ಯಮದ ಬಗ್ಗೆಯೇ ಒಂದು ದೊಡ್ಡ ಅಧ್ಯಾಯ ಇರುತ್ತದೆ, ಅದನ್ನು ಓದಿ. ಪೇಪರಿನ ಸುದ್ದಿಯನ್ನೂ ಕೇಸ್ ಮಾಡಿಕೊಳ್ಳಬಹುದು. 2024ರ ನವೆಂಬರ್‌ನಲ್ಲಿ ನಂದಿನಿ ಹಾಲು ದೆಹಲಿಗೆ ಹೋಯಿತಲ್ವಾ? ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ, ಅಲ್ಲಿ ಅಮುಲ್, ಮದರ್ ಡೈರಿ ಆಗಲೇ ಬೇರು ಬಿಟ್ಟಿವೆ. ಲೀಟರಿಗೆ ಟ್ಯಾಂಕರ್ ಖರ್ಚು ಎಷ್ಟು ಬಿದ್ದರೆ ರೈತರಿಗೆ ನಷ್ಟವಿಲ್ಲ? ಭಾನುವಾರ ಮಧ್ಯಾಹ್ನ ನಾಲ್ಕು ಜನ ಕೂತು ಇದೊಂದು ಲೆಕ್ಕ ಬಿಡಿಸಿ.

ಮುಗಿದ ದಿನವೇ, ಗೆದ್ದರೂ ಸೋತರೂ, ಜಡ್ಜ್ ಹತ್ತಿರ ಹೋಗಿ ‘ನಮ್ಮ ಮಾತು ನಿಮಗೆ ಎಲ್ಲಿ ಒಪ್ಪಿಗೆಯಾಗಲಿಲ್ಲ?’ ಅಂತ ಕೇಳಿ. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಸಿವಿಯಲ್ಲಿ ‘ಕೇಸ್ ಕಾಂಪಿಟಿಷನ್‌ನಲ್ಲಿ ಭಾಗವಹಿಸಿದ್ದೇನೆ’ ಅಂತ ಹಾಕಿದರೆ ಯಾರೂ ನಿಂತು ಓದಲ್ಲ. ‘ನಾಲ್ಕು ಜನರ ತಂಡದಲ್ಲಿ ಲೆಕ್ಕದ ಹೊಣೆ ನನ್ನದು, ಎರಡನೇ ಅಂಗಡಿಗೆ ದಿನಕ್ಕೆ 136 ಗಿರಾಕಿ ಬೇಕೆಂದು ಲೆಕ್ಕ ಹಾಕಿ, ಎರಡು ಸಂಜೆ ಎಣಿಸಿ ಪರೀಕ್ಷಿಸಿದೆವು’ ಅನ್ನುವ ಥರ ಬರೆಯಿರಿ. ಎಕ್ಸೆಲ್ ಫೈಲನ್ನು ಅಳಿಸಬೇಡಿ. ಸಂದರ್ಶನದ ಹಿಂದಿನ ರಾತ್ರಿ ಆ ಲೆಕ್ಕವನ್ನು ಕಾಗದದ ಮೇಲೆ ಇನ್ನೊಂದು ಸಲ ಕೈಯಲ್ಲಿ ಮಾಡಿ, ಯಾಕೆಂದರೆ 136 ಹೇಗೆ ಬಂತು ಅಂತ ಅವರು ಕೇಳೇ ಕೇಳುತ್ತಾರೆ.